ಇಜೇರಿ ಪಿಚರ್‌ಳ ಹಸಿರು ಬಳೆ

ಫೆಬ್ರುವರಿ 2, ರವಿವಾರ. ಜೇವರ್ಗಿ

ಮತ್ತೆ ಅಂಪೈರ್ ಕೆಲಸ. ಹೆಂಗಸರ ಸಾಫ್ಟ್‌ಬಾಲ್. ಎರಡೂ ಟೀಮಿನವರ ಕಿವಿ, ಕೊರಳು, ಕೈ ನೋಡಿದೆ. ಓಲೆ ಬಿಚ್ಚಿದರು. ತಾಳಿಗೆ ಟೇಪು ಹಚ್ಚಿಕೊಳ್ಳಲು ಬಿಟ್ಟೆ. ಗಾಜಿಗೆ ಮಾತ್ರ ಬಿಡುವುದಿಲ್ಲ. ಚೆಂಡು ಬಡಿದರೆ ಚೂರು ನರಕ್ಕಿಳಿಯುತ್ತದೆ.

ಇಜೇರಿ ಟೀಮಿಗೆ ಚೆಂಡೆಸೆಯುವ ಪಿಚರ್ ಶಾಂಭವಿ. ಹೋದ ವರ್ಷ ಮದುವೆಯಾದವಳು. ಕೈ ತುಂಬ ಹಸಿರು ಬಳೆ.

"ಕರ್ಚೀಫ್ ಸುತ್ಕೋತೇನ್ರಿ ಮೇಡಂ."

"ಸುತ್ತಿದ್ರ ಗಾಜು ಹತ್ತಿ ಆಗ್ತದೇನು?"

ಬೇಲಿಯಾಚೆ ಅವಳ ಅತ್ತೆ ಸುಭದ್ರಾಬಾಯಿ: "ಆಕಿ ಗಂಡ ಗಟ್ಟಿಮುಟ್ಟ ಅದಾನ. ನಿನ್ನ ಕೈ ಬೋಳಾದ್ರ ಊರ ಕೈಯೆಲ್ಲ ಬೋಳು ಮಾಡ್ತೀ ಏನ್ ಬೇ?"

ಬಳೆಯಿದ್ದರೆ ಆಟವಿಲ್ಲ ಎಂದೆ. ಇಜೇರಿಯವರು ಇದ್ದದ್ದೇ ಒಂಬತ್ತು ಮಂದಿ. ಶಾಂಭವಿ ಹೊರಗೆ... ಎಂಟು ಮಂದಿಗೆ ಆಟವಿಲ್ಲ, ಮ್ಯಾಚ್ ಹೋಯಿತು.

ಫೆಬ್ರುವರಿ 4

ಗಂಡ ದೇವಾನಂದ ಸತ್ತ ದಿನ, ಬುದ್ಧನ ಫೋಟೋದ ಕೆಳಗೇ ಕೂರಿಸಿ ನನ್ನ ಬಳೆ ಒಡೆದರು. ಇಂಥ ಆಚಾರವನ್ನೆಲ್ಲ ಸುಡಬೇಕೆಂದು ಮೈಕಿನಲ್ಲಿ ಕೂಗುವ ಭಾವನೇ ಕಲ್ಲು ತಂದುಕೊಟ್ಟ. ಥೂ. ಅದಕ್ಕೆ ಯಾವ ರೂಲ್ ಬುಕ್ಕೂ ಬೇಕಾಗಲಿಲ್ಲ. ಬೇಡವೆಂದವರಿಲ್ಲ. ನಾನೂ ಅನ್ನಲಿಲ್ಲ.

ಸುಭದ್ರಾಬಾಯಿಯ ಮೇಲೆ ಸಿಟ್ಟು ಬರಲೆಂದು ಕಾದೆ. ಬರಲಿಲ್ಲ. ರೊಟ್ಟಿ ಒಣಗಿತ್ತು. ತಿಂದೆ.

ಫೆಬ್ರುವರಿ 7

ಟೂರ್ನಮೆಂಟ್ ನಡೆಸುವ ದಿಲೀಪನ ಫೋನ್.

"ಪಂಚಶೀಲಾ ಮೇಡಂ, ಬಳಿ ವಿಷಯ ಸ್ವಲ್ಪ ಅಡ್ಜಸ್ಟ್ ಮಾಡ್ರಿ. ರವಿವಾರ ಜಿಲ್ಲಾ ಟೀಮ್ ಆರಿಸೋರು ಬರಾಕತ್ತಾರ. ಶಾಂಭವಿ ಆಡಲಿಲ್ಲಂದ್ರ ಆಕಿದು ಈ ವರ್ಷ ಹೋತು."

"ಗಾಜಿಗೆ ಅಡ್ಜಸ್ಟ್ ಬರಂಗಿಲ್ರಿ."

ಫೋನ್ ಇಟ್ಟೆ.

ಫೆಬ್ರುವರಿ 9, ರವಿವಾರ

ಶಾಂಭವಿ ಬಂದಳು. ಅತ್ತೆಯೂ. ಬಳೆ ತೆಗಿ ಎಂದೆ. ಒಂದೊಂದಾಗಿ ತೆಗೆದಳು, ಒಂದೂ ಒಡೆಯದಂತೆ. ಅತ್ತೆ ಕೈಚಾಚಿದಳು: "ತಾ ಇಲ್ಲಿ. ಆಟ ಸಾಕು, ಮನೀಗಿ ನಡಿ."

ಶಾಂಭವಿ ನನ್ನ ಹತ್ತಿರ ಬಂದಳು.

"ತೆಗೆದ ಬಳಿ ನೆಲಕ್ಕ ಇಡಬಾರದಂತಾರ. ಆಟ ಮುಗಿಯೋತನ ನಿಮ್ಮ ಕೈಯಾಗ ಇರ್ಲಿ ಅಕ್ಕಾ."

"ನನ್ನ ಕೈಯಾಗ ಬ್ಯಾಡ ಬೇ."

"ರೂಲು ಆಡೋರಿಗಷ್ಟೇ ಅಲ್ಲೇನ್ರಿ?"

ಏರಿಸಿಯೇಬಿಟ್ಟಳು, ಬಲಗೈಗೆ. ಸುಭದ್ರಾಬಾಯಿ ಎದ್ದು ನಿಂತಳು. ನನಗೇನೂ ಅನಿಸಲಿಲ್ಲ. ಭಾರ ಗೊತ್ತಾಯಿತು, ಅಷ್ಟೇ. ಪ್ಲೇ ಬಾಲ್ ಎಂದೆ. ಮೊದಲ ಚೆಂಡೇ ಬ್ಯಾಟಿಗೆ ಸಿಗದೆ ಸ್ಟ್ರೈಕ್. ಕೈ ಎತ್ತಿದೆ. ಬಳೆ ಸದ್ದು ಇಡೀ ಮೈದಾನಕ್ಕೆ ಕೇಳಿಸಿತು.

ಶಾಂಭವಿ ಜಿಲ್ಲಾ ಟೀಮಿಗೆ ಆಯ್ಕೆಯಾದಳು. ಬಳೆ ತಿರುಗಿ ಕೊಡಹೋದೆ.

"ಮುಂಡಿ ತೊಟ್ಟಿದ್ದು ನಮಗ ಬ್ಯಾಡ," ಎಂದು ಸುಭದ್ರಾಬಾಯಿ ಸೊಸೆಯನ್ನು ಬಳೆ ಅಂಗಡಿಗೆ ಎಳೆದೊಯ್ದಳು.

ಇಲ್ಲೇ ಇವೆ, ನನ್ನ ಕೈಯಲ್ಲೇ. ಬರೆಯುವಾಗ ಸಾಲು ಸಾಲಿಗೂ ಸದ್ದು. ತೆಗೆಯಬೇಕು. ಇದೊಂದು ಸಾಲು ಮುಗಿಸಿ ತೆಗೆ—