ಮುಸುಕು ಹಾಕಿದ ಕಾರು

ಪ್ರೀತಿಯ ಅಕ್ಕ,

ಸ್ವೀಡನ್ನಿನ ಈ ಹೆಪ್ಪುಗಟ್ಟಿದ ಕೆರೆಯ ಮೇಲೆ ನಮ್ಮ ಕಂಪನಿಯ ಹೊಸ ಐಷಾರಾಮಿ ಕಾರನ್ನು ಓಡಿಸಿ ಪರೀಕ್ಷಿಸುತ್ತಿದ್ದೇವೆ. ಅದರ ರೂಪ ಯಾರ ಕಣ್ಣಿಗೂ ಬೀಳಬಾರದೆಂದು ನಮ್ಮ ಮುಖ್ಯಸ್ಥ ಡಾಕ್ಟರ್ ಹೇಫೆಲೆ ಸಾಹೇಬರು ಅದಕ್ಕೆ ಮೈತುಂಬ ಕಪ್ಪು ಮುಸುಕು ಹಾಕಿಸಿದ್ದಾರೆ. ನಿನ್ನೆ ಅವರೇ ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ಮುಸುಕಿನೊಳಗೆ ಹಿಮ ನುಗ್ಗಿ, ಕಲ್ಲಾಗಿ, ಎರಡೂ ಬಾಗಿಲು ಕಚ್ಚಿಕೊಂಡವು. ಎಂಜಿನ್ನೂ ನಿಂತಿತು.

"ಮುಸುಕು ಹರೀಲಾ ಸಾರ್?" ಎಂದೆ.

"ಮುಟ್ಟಿದ್ರೆ ಕೆಲಸದಿಂದ ಕಿತ್ತಾಕ್ತೀನಿ! ದಡದಲ್ಲಿ ಹೊಸ ಕಾರುಗಳ ಫೋಟೋ ಕದ್ದು ತೆಗೆಯೋ ಆ ಫೋಟೋಗ್ರಾಫರ್ ನಿಂತಿದಾನೆ, ಕಾಣಲ್ವಾ?" ಎಂದು ಗಾಜಿನೊಳಗಿಂದ ಕಿರುಚಿದರು. ತುಟಿ ನೀಲಿಗಟ್ಟಿತ್ತು, ಜಂಭ ಮಾತ್ರ ಬೆಚ್ಚಗಿತ್ತು.

ಕೊನೆಗೆ ಆ ಫೋಟೋಗ್ರಾಫರನೇ ಬಂದು ತನ್ನ ಫ್ಲಾಸ್ಕಿನ ಬಿಸಿ ಕಾಫಿ ಸುರಿದು ಬಾಗಿಲು ಬಿಡಿಸಿದ. ಸಾಹೇಬರು ಹೊರಬಂದವರೇ ಅವನ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದರು.

"ಕೈ ಇಳಿಸಿ ಸ್ವಾಮಿ, ನನ್ನ ಕೆಲಸ ಹೋದ ವಾರಾನೇ ಮುಗೀತು" ಎಂದು ಅವನು ನಕ್ಕ.

ನನ್ನ ಕೆಮ್ಮು ವಾಸಿಯಾಗಿದೆ. ಇಲ್ಲಿನ ಬ್ರೆಡ್ಡು ಸಿಹಿ, ಬಾಯಿಗಿಡಲಾಗದು. ನಮ್ಮ ಹುಳಿ ಬ್ರೆಡ್ಡು ಒಂದು ಕಳಿಸು. ಅಂಚೆ ವ್ಯಾನು ಬಂತು. ಈ ಪೋಸ್ಟ್‌ಕಾರ್ಡು ತಿರುಗಿಸಿ ಚಿತ್ರ ನೋಡು, ಹೋದ ವಾರ ಮುಸುಕು ಬಿಚ್ಚಿ ತೊಳೆಯುವಾಗ ಅವನು ತೆಗೆದ ನಮ್ಮ ಕಾರೇ ಅದು. ಈ ಕಾರ್ಡನ್ನು ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಮಾರುತ್ತಿದ್ದಾರೆ.

ನಿನ್ನ ಗುಡ್ರುನ್