ಗೋಡೆಗಳಿಗೆ ಪಾಠವಾದ ನಿಮ್ಮ ಮಗನ ಎದೆ

ಕ್ರಿ.ಶ. ೨೧೮೩, ಫೆಬ್ರವರಿ ಮೂವತ್ತು
ರಾತ್ರಿ ಎರಡು ಗಂಟೆ ಐವತ್ತು ನಿಮಿಷ. ಇವತ್ತೂ ನಿಮ್ಮ ಮಗನ ಎದೆಯ ಸದ್ದಿಗೇ ಎಚ್ಚರವಾಯಿತು.

ಶಿವಲೀಲಾ ಅಕ್ಕ, ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಯಾಕೆಂದು ವಿವರಿಸಲು ಈಗ ಹೊತ್ತಿಲ್ಲ. ಕೆಲವು ಮಾತುಗಳು ವಿಚಿತ್ರ ಎನಿಸಿದರೆ ಮನ್ನಿಸಿ. ನನ್ನ ಹೆಸರು ನೇಸರಿ. ನಿಮ್ಮ ಬಳಗದವಳಲ್ಲ. ಓದಿದ್ದು ಸಸ್ಯಶಾಸ್ತ್ರ, ಹೆತ್ತದ್ದು ಒಂದೇ ಮಗು. ತುಂಬೆ ಅಂತ, ಒಂಬತ್ತು ವಾರದವಳು. ಒಂದು ಧ್ವನಿ ಮೊದಲು ಯಾವ ಯಂತ್ರದಲ್ಲಿ ದಾಖಲಾಯಿತೋ ಆ ಯಂತ್ರಕ್ಕೆ, ದಾಖಲಾದ ಅದೇ ರಾತ್ರಿಗೆ, ಒಂದೇ ಒಂದು ಸಲ ಮಾತು ಕಳಿಸಬಹುದು. ಇದನ್ನು ನಾವು ಹಿನ್ನೋಲೆ ಎನ್ನುತ್ತೇವೆ. ತಲುಪಿತೋ ಇಲ್ಲವೋ ಕಳಿಸಿದವರಿಗೆ ಎಂದೂ ತಿಳಿಯುವುದಿಲ್ಲ.

ನಮ್ಮ ಮನೆಗಳಲ್ಲಿ ಮಲಗುವ ಕೋಣೆಯ ಒಂದು ಗೋಡೆಗೆ ಕಿವಿಯಿದೆ. ಕೇಳುಗೋಡೆ ಅಂತ ಅದರ ಹೆಸರು. ಕೂಸಿನ ಎದೆಬಡಿತವನ್ನು ಹಗಲೂ ರಾತ್ರಿ ಆಲಿಸುವುದು ಅದರ ಕೆಲಸ. ತಂಬೂರಿಗೆ ಶ್ರುತಿ ಮಾಡುವ ಹಾಗೆ ಈ ಗೋಡೆಗಳಿಗೂ ದಿನಕ್ಕೊಮ್ಮೆ ಶ್ರುತಿ ಬೇಕು. ಕಾಯಿಲೆಯ ಎದೆ ಹೇಗೆ ಕೇಳಿಸುತ್ತದೆ ಎಂಬುದನ್ನು ಅವು ಮರೆಯಬಾರದು. ಅದಕ್ಕಾಗಿ ಎರಡು ಐವತ್ತಕ್ಕೆ ಊರಿನ ನಾಲ್ಕು ನೂರು ಮನೆಗಳ ಗೋಡೆಗಳೂ ಒಟ್ಟಿಗೆ ಒಂದೇ ಕೂಸಿನ ಎದೆಯನ್ನು ಮೆಲ್ಲಗೆ ನುಡಿಸುತ್ತವೆ. ಲಬ್, ಆಮೇಲೆ ನಲ್ಲಿ ಬಿಟ್ಟಂತೆ ಉದ್ದಕ್ಕೆ ಶೂ ಎನ್ನುವ ಸದ್ದು, ಡಬ್. ನಲವತ್ಮೂರು ಸೆಕೆಂಡು. ಬೀದಿಯ ನಾಯಿಗಳು ತಲೆಯೆತ್ತುತ್ತವೆ. ಆಮೇಲೆ ಎಲ್ಲ ಮನೆಗಳಲ್ಲೂ ಒಂದೇ ಸಲಕ್ಕೆ ಮೌನ. ಹೆಚ್ಚಿನವರಿಗೆ ಅದು ರೂಢಿಯಾಗಿದೆ, ಮಗ್ಗುಲು ಬದಲಿಸಿ ಮಲಗುತ್ತಾರೆ. ನನಗೆ ಆಗುವುದಿಲ್ಲ.

ಯಾಕೆಂದರೆ ತುಂಬೆಗೆ ಐದು ವಾರವಾದಾಗ ನಮ್ಮ ಗೋಡೆ ಆ ಹೊತ್ತಲ್ಲದ ಹೊತ್ತಿನಲ್ಲಿ ಅದೇ ಸದ್ದನ್ನು ಕೇಳಿಸಿಕೊಂಡಿತು, ನನ್ನ ಮಗಳಿಂದ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ಒಂದು ತೂತು. ಮೈಗೆ ಹೋಗಬೇಕಾದ ರಕ್ತ ಆ ತೂತಿನಿಂದ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಏನೂ ಗೊತ್ತಾಗುವುದಿಲ್ಲ. ತಿಂಗಳು ತುಂಬುವ ಹೊತ್ತಿಗೆ ಶ್ವಾಸಕೋಶ ಒದ್ದೆಯಾಗಿ, ಹಾಲು ಕುಡಿಯುವುದೇ ಕೂಸಿಗೆ ಗುಡ್ಡ ಹತ್ತಿದಂತಾಗುತ್ತದೆ. ನಮ್ಮಲ್ಲಿ ಇದಕ್ಕೆ ನೇಯ್ಗೆಮದ್ದು ಇದೆ: ಕೂಸಿನದೇ ಜೀವಕೋಶಗಳ ಎಳೆಯನ್ನು ರಕ್ತನಾಳದೊಳಗೆ ಬಿಡುತ್ತಾರೆ, ಅದು ಒಂಬತ್ತು ದಿನದಲ್ಲಿ ತೂತನ್ನು ನೇಯ್ದು ಮುಚ್ಚುತ್ತದೆ. ತುಂಬೆ ಈಗ ಬೆವರದೆ ಹಾಲು ಕುಡಿಯುತ್ತಾಳೆ.

ಅವಳನ್ನು ಉಳಿಸಿದ ಆ ಸದ್ದು ಯಾರದು ಎಂದು ಕೇಳದೆ ಇರಲಾಗಲಿಲ್ಲ. ಧ್ವನಿಭಂಡಾರದವರು ಕತ್ತರಿಸದ ಮೂಲವನ್ನು ಕೊಟ್ಟರು. ಎರಡು ನಿಮಿಷ ಉದ್ದ. ನೀವು ನಿಮ್ಮ ಕಾಲದ ಇವತ್ತಿನ ರಾತ್ರಿ ಒಂಬತ್ತೂವರೆಗೆ, ಗಂಡನಿಗೆ ಕಳಿಸೋಣವೆಂದು, ಫೋನನ್ನು ಕೂಸಿನ ಎದೆಗೆ ಆನಿಸಿ ಹಿಡಿದದ್ದು. ಅದರಲ್ಲಿ ನಿಮ್ಮ ಮಾತೂ ಇದೆ, ನಿಮ್ಮ ಅವ್ವನ ಮಾತೂ ಇದೆ.

"ಅವ್ವಾ, ಹಾಲು ಕುಡಿಯೂಮುಂದ ಹಣಿ ಎಲ್ಲಾ ಬೆವರತೈತಿ ನೋಡು. ಎರಡು ಗುಟುಕು ಕುಡೀತಾನ, ಬಿಡತಾನ."

"ಹೊರಸಿನ ಕೆಳಗ ಕೆಂಡ ಇಟ್ಟೀವಿ, ಬೆವರದಽ ನಡಗತಾನೇನು? ಶಿವಲೀಲಾ, ನೀ ಹುಟ್ಟಿದಾಗ ಓಣಿ ಮಂದಿಗೆ ನಿದ್ದಿ ಇರಲಿಲ್ಲ. ಇಂವ ನೋಡು, ಅಳೂದಽ ಇಲ್ಲ. ಶ್ಯಾಣ್ಯಾ ಅದಾನ."

"ಉಸಿರು ಭಾಳ ಜೋರೈತಿ ಬೇ."

"ಅಜ್ಜನಂಗ ಗೊರಕಿ ಹೊಡಿತಾನ, ಅಷ್ಟಽ. ಈ ಥಂಡ್ಯಾಗ ಬಾಣಂತಿ ಹೊಸ್ತಿಲಾ ದಾಟಬಾರದು. ಮುಂಜಾನಿ ನೋಡೂಣು. ಫೋನ್ ಕೆಳಗಿಡು, ಕೂಸಿಗೆ ಕೆಟ್ಟ ನೆದರ ಆಗತೈತಿ."

ನೀವು ನಕ್ಕಿರಿ. ಅಲ್ಲಿಗೆ ಮುಗಿಯುತ್ತದೆ.

ಅವ್ವನನ್ನು ಬೈಯಬೇಡಿ. ಬಾಣಂತಿ ಕೋಣೆಯ ಕಾವಿನಲ್ಲಿ ಬೆವರಿದರೆ ಯಾರು ತಾನೇ ಹೃದಯವನ್ನು ಅನುಮಾನಿಸುತ್ತಾರೆ? ಆದರೆ ಅವನ ಬೆವರು ಕೆಂಡದ್ದಲ್ಲ, ಅಕ್ಕ. ಅಳಲು ಉಸಿರು ಸಾಲದೆ ಅವನು ಸುಮ್ಮನಿದ್ದಾನೆ. ಧ್ವನಿಯಲ್ಲಿ ಅವನ ಉಸಿರನ್ನು ನಾನು ಮೂರು ಸಲ ಎಣಿಸಿದೆ. ನಿಮಿಷಕ್ಕೆ ಎಪ್ಪತ್ತೆಂಟು. ಈ ವಯಸ್ಸಿನ ಕೂಸು ಸುಮ್ಮನೆ ಮಲಗಿರುವಾಗ ಅರವತ್ತಕ್ಕೆ ಮುಟ್ಟಿದರೇ ತಡಮಾಡಬಾರದು. ನೇಯ್ಗೆಮದ್ದು ನಿಮ್ಮಲ್ಲಿಲ್ಲ, ನಿಜ. ಆದರೆ ಆಮ್ಲಜನಕವಿದೆ, ಒದ್ದೆಯಾದ ಶ್ವಾಸಕೋಶದ ನೀರು ಇಳಿಸುವ ಔಷಧವಿದೆ, ಮೈ ಹಿಡಿದ ಮೇಲೆ ತೂತಿಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಇದೆ. ಅದನ್ನು ಮಾಡಿಸಿಕೊಂಡ ಮಕ್ಕಳು ನಿಮ್ಮ ಊರಿನ ಶಾಲೆಗಳಲ್ಲೇ ಓಡಾಡುತ್ತಿದ್ದಾರೆ.

ಭಂಡಾರದ ಚೀಟಿಯಲ್ಲಿ ಹೀಗಿದೆ: ಗಂಡು, ಮೂವತ್ತೊಂದು ದಿನ, ಗದಗ. ತಾಯಿ ಕೊಟ್ಟದ್ದು. ಮೂವತ್ತೆರಡನೆಯ ದಿನದ ಧ್ವನಿ ಇಲ್ಲ.

ಅವನು ಉಳಿದರೆ ನೀವು ಆ ಧ್ವನಿಯನ್ನು ಯಾರಿಗೂ ಕೊಡದೆ ನಮ್ಮ ಗೋಡೆಗಳು ಕಿವುಡಾಗುತ್ತವೇನೋ, ತುಂಬೆಯ ಗತಿ ಏನೋ ಎಂದು ಎರಡು ವಾರ ಈ ಓಲೆ ಬರೆಯದೆ ಕೂತಿದ್ದೆ. ನನ್ನನ್ನು ಕ್ಷಮಿಸಿ. ಇವತ್ತು ಸದ್ದು ನಿಂತ ಮೇಲೆ ಹೊಳೆಯಿತು: ನಮಗೆ ಬೇಕಾದದ್ದು ಆ ಧ್ವನಿ ಮಾತ್ರ, ಅದು ಆಗಲೇ ನಿಮ್ಮ ಫೋನಿನಲ್ಲಿದೆ. ಎಂದಾದರೊಂದು ದಿನ ವೈದ್ಯರಿಗೆ ಕೊಡಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೊಡಿ.

ಈಗ ಲೈಟು ಹಾಕಿ. ತುಟಿಯ ಸುತ್ತ ಬೂದಿಬಣ್ಣ ಇದೆಯೇ, ಪಕ್ಕೆಲುಬಿನ ಸಂದು ಒಳಗೆ ಎಳೆಯುತ್ತಿದೆಯೇ ನೋಡಿ. ಕೆಂಡ ಹೊರಗಿಡಿ, ಬಾಗಿಲು ತೆಗೆಯಿರಿ. ಒಪ್ಪಿಗೆ ಕೇಳಲು ಅವ್ವನನ್ನು ಎಬ್ಬಿಸಬೇಡಿ, ಗಂಡ ಏನನ್ನುತ್ತಾನೋ ಎಂದು ಕಾಯಬೇಡಿ. ೧೦೮ಕ್ಕೆ ಫೋನ್ ಮಾಡಿ. ಮಾತು ತೋಚದಿದ್ದರೆ ಇಷ್ಟನ್ನೇ ಓದಿ ಹೇಳಿ: ಒಂದು ತಿಂಗಳ ಕೂಸು, ಉಸಿರು ನಿಮಿಷಕ್ಕೆ ಎಪ್ಪತ್ತೆಂಟು, ಹಾಲು ಕುಡಿಯುವಾಗ ಬೆವರುತ್ತಾನೆ, ಕುಡಿಯಲಾರದೆ ಬಿಡುತ್ತಾನೆ. ಮುಂಜಾನೆಯ ತನಕ ಬೇಡ ಅಕ್ಕ, ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಕು ಹರಿಯುವ ಮೊದಲೇ ಫೋನ್ ಮಾಡಿ.