ನಾಲ್ಕನೇ ಕೋಣೆಯ ಹಸಿರು ಚುಕ್ಕೆ

ಶನಿವಾರ, ಮಧ್ಯಾಹ್ನದ ಊಟದ ಬಿಡುವು

ಪ್ರೀತಿಯ ಅಮ್ಮಾ,

ಹದಿನೇಳು ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಕಾಗದವನ್ನಾದರೆ ಅರ್ಧಕ್ಕೇ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ! ನಮಸ್ಕಾರ, ಮುತ್ತು, ಎರಡೂ ತಗೋ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಖುಷಿಗೆ ಕೈ ನಿಲ್ಲುತ್ತಿಲ್ಲ. ನಿನ್ನೆ ನಮ್ಮ ವೃದ್ಧಾಶ್ರಮದಲ್ಲಿ ನಾವು ಗೆದ್ದೆವು! ಲಾಂಡ್ರಿ ಅಕ್ಕನ ಕೆಲಸ ಉಳಿಯಿತು. ನನ್ನದೂ ಉಳಿಯಿತು. ಅದು ಹೋಗುವುದರಲ್ಲಿತ್ತು ಅಂತ ನಿನಗೆ ಹೇಳಿರಲಿಲ್ಲ, ಈಗ ಹೇಳಿದ ಹಾಗಾಯಿತು.

ನಾವು ಜಗಳ ಆಡಿದ್ದು ಇದೇ ವಿಷಯಕ್ಕೆ ತಾನೇ? ಶುಕ್ರವಾರದೊಳಗೆ ಲಸಿಕೆ ಹಾಕಿಸಿಕೊಳ್ಳದ ಆಯಾಗಳು, ಅಡುಗೆಯವರು, ಯಾರೇ ಆಗಲಿ, ಮನೆಗೆ ಹೋಗಬೇಕು ಅಂತ ಮ್ಯಾನೇಜರ್ ಆರ್ಡರ್ ಹೊರಡಿಸಿದ್ದರು. ಹಾಕಿಸಿಕೊಂಡವರ ಬ್ಯಾಡ್ಜಿಗೆ ಕಾಗದದ ಒಂದು ಹಸಿರು ಚುಕ್ಕೆ. ಚುಕ್ಕೆ ಇದ್ದವರು ಮಾಸ್ಕ್ ಇಲ್ಲದೆ ಕೋಣೆಗಳಿಗೆ ಹೋಗಬಹುದು. ನಾನು ಮೊದಲ ದಿನವೇ ತೋಳು ಕೊಟ್ಟೆ, ಲಸಿಕೆ ನರ್ಸ್ ಆಗಿದ್ದವಳ ಮಗಳಲ್ಲವೇ! ಆದರೆ ಬೇಡ ಅಂದವರ ಹೊಟ್ಟೆ ಮೇಲೆ ಹೊಡೆಯುವುದು ಸರಿಯಲ್ಲ ಅಂದೆ. ನೀನು ಸಿಡಿದೆ. "ಒಂದು ಮನೆ ಬಿಟ್ಟುಹೋದ್ರೆ ಏನಾಗತ್ತೆ ಅಂತ ನನ್ನನ್ನ ಕೇಳು," ಅಂದು ಫೋನ್ ಇಟ್ಟೆ.

ಆ ಮಾತು ನನಗೆ ಎಷ್ಟು ನಾಟಿತು ಅನ್ನುವುದನ್ನು ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ಮುಂದೆ ಹೋಗಲಾರೆ.

ಬುಧವಾರ ಬೆಳಿಗ್ಗೆ ನಾಲ್ಕನೇ ಕೋಣೆಯ ಮೇಷ್ಟ್ರಿಗೆ ಗಂಜಿ ಕುಡಿಸುತ್ತಿದ್ದೆ. ಅವರಿಗಿರುವುದು ಒಂದೇ ಶ್ವಾಸಕೋಶ. ಲಸಿಕೆ ಅವರಿಗೂ ಆಗಿದೆ, ಆದರೆ ಆ ವಯಸ್ಸಿನ ಮೈಗೆ ಅದು ಎಷ್ಟು ಹತ್ತಿದೆಯೋ ಡಾಕ್ಟರಿಗೇ ಭರವಸೆ ಇಲ್ಲ. ಅಷ್ಟರಲ್ಲಿ ಲಾಂಡ್ರಿ ಅಕ್ಕ ಹಾಸಿಗೆಯ ಬಟ್ಟೆ ಬದಲಿಸಲು ಬಂದಳು. ಮುಖಕ್ಕೆ ಮಾಸ್ಕ್ ಇಲ್ಲ, ಬ್ಯಾಡ್ಜಿನ ಮೇಲೆ ಹಸಿರು ಚುಕ್ಕೆ! ಅಂತೂ ಧೈರ್ಯ ಮಾಡಿದಳು ಅಂತ ನನಗೆ ಎಷ್ಟು ಹಿಗ್ಗಾಯಿತು ಗೊತ್ತಾ? ದಿಂಬು ತೆಗೆಯಲು ಬಗ್ಗಿದಾಗ ಬ್ಯಾಡ್ಜ್ ನನ್ನ ಕಣ್ಣ ಮುಂದೆಯೇ ತೂಗಿತು. ಚುಕ್ಕೆಯ ಅಂಚಿನಿಂದ ಒಂದು ನೂಲು ನೇತಾಡುತ್ತಿತ್ತು.

ಕಾಗದದ ಚುಕ್ಕೆಗೆ ನೂಲೆಲ್ಲಿಂದ ಬರಬೇಕು ಅಮ್ಮಾ? ನಮ್ಮಲ್ಲಿ ಯಾವ ಅಂಗಿ ಯಾರದು ಅಂತ ಗೊತ್ತಾಗಲು ಕೊರಳಪಟ್ಟಿಗೆ ಬಣ್ಣದ ಬಟ್ಟೆಚುಕ್ಕೆ ಹೊಲಿಯುತ್ತೇವೆ, ಕೋಣೆಗೊಂದು ಬಣ್ಣ. ನಾಲ್ಕನೇ ಕೋಣೆಯದು ಹಸಿರು. ಮೇಷ್ಟ್ರ ಹಳೆಯ ಅಂಗಿಯಿಂದ ಬಿಚ್ಚಿದ ಚುಕ್ಕೆಯನ್ನು ಅಂಟಿಸಿಕೊಂಡು ಅವರ ಮುಖದ ಮೇಲೆಯೇ ಬಗ್ಗಿದ್ದಳು ಪುಣ್ಯಾತ್ಗಿತ್ತಿ.

ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದೆ. ಇಸ್ತ್ರಿ ಮೇಜಿನ ಹಿಂದೆ ಕೂತು ಅತ್ತಳು. ಚಿಕ್ಕವಳಿದ್ದಾಗ ಅವಳ ತಮ್ಮನಿಗೆ ಸೂಜಿ ಹಾಕಿದ ಸಂಜೆಯೇ ಮೈ ಸೆಟೆದುಕೊಂಡಿತಂತೆ, ಮಗು ಉಳಿಯಲಿಲ್ಲವಂತೆ. ಸೂಜಿಯಿಂದಲೋ ಬೇರೆ ಯಾವುದರಿಂದಲೋ, ಯಾರೂ ಆ ಮನೆಯವರ ಎದುರು ಕೂತು ಹೇಳಲಿಲ್ಲ. "ಕೆಲ್ಸ ಬಿಟ್ರೆ ಮಕ್ಕಳಿಗೇನು ಹಾಕ್ಲಿ, ಸೂಜಿ ಅಂದ್ರೆ ಕೈಕಾಲು ತಣ್ಣಗಾಗತ್ತೆ, ನೀನೇ ಹೇಳು," ಅಂದಳು. ಮಾಸ್ಕ್ ಕೊಟ್ಟು, ಕೋಣೆಗಳ ಕಡೆ ತಲೆ ಹಾಕಬೇಡ ಅಂತ ಮಾತು ತಗೊಂಡೆ. ಹಾಸಿಗೆ ಬಟ್ಟೆಯ ಕೆಲಸವನ್ನೂ ನಾನೇ ಮಾಡಿದೆ.

ಹಿಡಿದುಕೊಟ್ಟರೆ ಅವಳ ಕೆಲಸ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಮೇಷ್ಟ್ರಿಗೆ ಏನು ಕಾದಿದೆಯೋ. ಎರಡು ದಿನ ಇದೇ ಯೋಚನೆ. ನಿನ್ನನ್ನು ಕೇಳೋಣ ಅಂದರೆ ನೀನು ಮುಖ ಊದಿಸಿಕೊಂಡು ಕೂತಿದ್ದೆ!

ನಿನ್ನೆ ಹತ್ತು ಗಂಟೆಗೆ ಊಟದ ಹಾಲ್‌ನಲ್ಲಿ ಮೀಟಿಂಗ್. ಎಲ್ಲರ ಬ್ಯಾಡ್ಜಿನ ಮೇಲೂ ಚುಕ್ಕೆ ನೋಡಿ ಮ್ಯಾನೇಜರ್ ಮುಖ ಅರಳಿತ್ತು. ನಾನು ಎದ್ದು ನಿಂತೆ. ಇಲ್ಲಿರುವ ಚುಕ್ಕೆಗಳೆಲ್ಲ ನಿಜವಲ್ಲ, ಯಾರದು ಅಂತ ನಾನು ಹೇಳುವುದಿಲ್ಲ, ಕೆಲಸ ಕಳೆಯುವ ಆರ್ಡರ್ ಹಿಂದೆ ತಗೊಂಡರೆ ಅವರೇ ಹೇಳುತ್ತಾರೆ ಅಂದೆ. ಮ್ಯಾನೇಜರ್ ಕೆಂಡವಾದರು. "ಇಲ್ಲಿರೋ ಇಪ್ಪತ್ತೆರಡು ಜನಕ್ಕೆ ಉಸಿರಾಡೋ ಸ್ವಾತಂತ್ರ್ಯ ಬೇಡ್ವೇನಮ್ಮ? ಹೆಸರು ಹೇಳು, ಇಲ್ಲಾ ಬ್ಯಾಡ್ಜ್ ಬಿಚ್ಚಿಡು," ಅಂದರು. ಉಸಿರಿನ ಮಾತು ನಿಜವೇ ಅಮ್ಮಾ. ಮೇಷ್ಟ್ರ ಎದೆ ಗೊರಗೊರ ಅನ್ನುವುದನ್ನು ದಿನಾ ಕೇಳುವವಳು ನಾನು.

ನಾನು ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟೆ. ಹೊರಡುವ ಮೊದಲು ಒಂದು ಸೀಮೆಸುಣ್ಣದ ಕತೆ ಹೇಳಿದೆ. ಯಾರಿಗೂ ಯಾವತ್ತೂ ಹೇಳಿರದ ಕತೆ. ಹೆದರಿಕೊಂಡವರು ಹಾಕುವ ಗುರುತನ್ನು ನಂಬಿದರೆ ಕಾಯಿಲೆಗೇ ಬಾಗಿಲು ತೆಗೆದ ಹಾಗೆ, ಯಾರು ಹಾಕಿಸಿಕೊಂಡಿಲ್ಲ ಅಂತ ಗೊತ್ತಿದ್ದರಷ್ಟೇ ಮೇಷ್ಟ್ರನ್ನು ಕಾಯಬಹುದು ಅಂದೆ.

ಆಮೇಲೆ ಲಾಂಡ್ರಿ ಅಕ್ಕ ಎದ್ದಳು. ಚುಕ್ಕೆ ಕಿತ್ತು ನನ್ನ ಬ್ಯಾಡ್ಜಿನ ಪಕ್ಕ ಇಟ್ಟಳು. ಅವಳ ಹಿಂದೆಯೇ ಅಡುಗೆಯವರು, ಆಮೇಲೆ ನಮ್ಮ ವಾಚ್‌ಮನ್ನು! ಮೂರು ಚುಕ್ಕೆ ಅಮ್ಮಾ! ನನಗೆ ಗೊತ್ತಿದ್ದದ್ದು ಒಂದೇ. ಮ್ಯಾನೇಜರ್ ಕುರ್ಚಿಯಲ್ಲಿ ಕುಸಿದು ಕೂತರು. ಬೈಯುತ್ತಾರೆ ಅಂದುಕೊಂಡರೆ, "ಮೂರು ವಾರದಿಂದ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ನಲ್ಲ," ಅಂತ ಹಣೆ ಚಚ್ಚಿಕೊಂಡರು, ಪಾಪ.

ಹನ್ನೆರಡಕ್ಕೆ ಆರ್ಡರ್ ಬದಲಾಯಿತು. ಯಾರ ಕೆಲಸವೂ ಹೋಗುವುದಿಲ್ಲ, ಸಂಬಳ ಕಡಿಯುವುದಿಲ್ಲ. ಆದರೆ ಲಸಿಕೆ ಇಲ್ಲದವರು ಕೋಣೆಗಳಿಗೆ ಕಾಲಿಡುವ ಹಾಗಿಲ್ಲ. ಮಾಸ್ಕ್ ಇನ್ನು ಎಲ್ಲರಿಗೂ. ಡಾಕ್ಟರ್ ಬಂದು ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಮಧ್ಯಾಹ್ನವೇ ಬಂದರು, ಲಾಂಡ್ರಿ ಅಕ್ಕ ನಲವತ್ತು ನಿಮಿಷ ಅವರ ತಲೆ ತಿಂದಳು! ಇನ್ನೂ ಹಾಕಿಸಿಕೊಂಡಿಲ್ಲ. ಸೋಮವಾರ ನೋಡೋಣ ಅಂದಿದ್ದಾಳೆ, ಜೊತೆಗೆ ನಾನು ಇರಬೇಕಂತೆ. ಮೇಷ್ಟ್ರು ಮಾತ್ರ ಮಡಚಿದ ಅಂಗಿ ತರಲು ಅವಳೇ ಬರಬೇಕು ಅಂತ ಹಟ ಹಿಡಿದಿದ್ದಾರೆ. ಇವತ್ತು ಬೆಳಿಗ್ಗೆ ಅವಳು ಹೊರಗಿನಿಂದ ಕಿಟಕಿ ಗಾಜು ತಟ್ಟಿ ಅಂಗಿ ತೋರಿಸಿದಳು. ಇಬ್ಬರೂ ಕೈ ಬೀಸಿದರು, ಇಬ್ಬರಿಗೂ ಕಣ್ಣು ಒದ್ದೆ.

ನೀನು ಹೇಳಿದ್ದು ಪೂರ್ತಿ ತಪ್ಪಲ್ಲ ಅಮ್ಮಾ. ನಾನು ಹೇಳಿದ್ದೂ ಅಲ್ಲ. ಬಿಡುವು ಮುಗಿಯಿತು, ಮೇಷ್ಟ್ರ ಗಂಟೆ ಹೊಡೆದುಕೊಳ್ಳುತ್ತಿದೆ.

ನಿನ್ನ ಮುದ್ದಿನ,
ಗಡಿಬಿಡಿ

ಮರೆತಿಲ್ಲ, ಕೊನೆಯಲ್ಲಿ ಬರೆಯುತ್ತೇನೆ ಅಂದಿದ್ದೆ. ಆಗ ನನಗೆ ಎಂಟು ವರ್ಷ. ನೀನು ಲಸಿಕೆ ಪೆಟ್ಟಿಗೆ ಹೊತ್ತು ಮನೆಮನೆಗೆ ಹೋಗುತ್ತಿದ್ದೆ, ಮುಗಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕುತ್ತಿದ್ದೆ. ಟೈಲರ್ ಮನೆಯಲ್ಲಿ ಎರಡು ಸಲ ನಿನ್ನನ್ನು ಬಾಯಿಗೆ ಬಂದಂತೆ ಬೈದು ಕಳಿಸಿದರು. ನೀನು ಬೀದಿಯಲ್ಲೇ ಕಣ್ಣೊರೆಸಿಕೊಂಡೆ. ಮೂರನೇ ದಿನ ನಾನು ಮುಂದೆ ಓಡಿಹೋಗಿ ಅವರ ಬಾಗಿಲಿಗೆ ಗುರುತು ಹಾಕಿಬಿಟ್ಟೆ. ಜೊತೆಯ ನರ್ಸ್ ಮುಗಿಸಿರಬೇಕು ಅಂತ ನೀನು ಮುಂದಿನ ಮನೆಗೆ ಹೋದೆ. ಆ ವರ್ಷ ಬೀದಿಗೆ ದಡಾರ ಬಂದಾಗ ಅವರ ಮಗಳ ಒಂದು ಕಿವಿ ಹೋಯಿತು. ಮೂವತ್ತೊಂದು ವರ್ಷದಿಂದ ಆ ಮನೆ ಬಿಟ್ಟೆ ಅಂತ ನಿನ್ನನ್ನೇ ಬೈದುಕೊಳ್ಳುತ್ತಿದ್ದೀಯ. ನೀನು ಬಿಟ್ಟಿರಲಿಲ್ಲ ಅಮ್ಮಾ. ಫೋನ್ ಮಾಡು, ಬೈಯೋದಕ್ಕಾದರೂ ಮಾಡು.